ಹಾರ್ಟ್ ಗೋಡೆಲಿ ನೀರಿನ ಗುಳ್ಳೆ, ನಾಡಿ 38. ಮಾತ್ರೆಲಿ ಹೋಗಲ್ವಾ?

ಹಟ್ಟಿಹುಡುಗ:
ನಮ್ ಸೋದರಮಾವಂಗೆ 52 ವರ್ಷ, ಚಿಕ್ಕಂದಿನಿಂದ ಕುರಿ ಕಾಯೋರು. ಹೋದ ವಾರ ದೊಡ್ಡಿ ಬಾಗಿಲಲ್ಲೇ ತಲೆ ಸುತ್ತಿ ಬಿದ್ರು, ಇಸಿಜಿಲಿ ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದ್ರು. ಎಕೋ ಮಾಡಿದ್ರೆ ಕೆಳಗಿನ ಎರಡು ಕೋಣೆ ಮಧ್ಯದ ಗೋಡೆಲಿ ನಿಂಬೆಹಣ್ಣಿನಷ್ಟು ಗುಳ್ಳೆ, ಹೈಡಾಟಿಡ್ ಸಿಸ್ಟ್ ಅಂತೆ. ಈಗ ಟೆಂಪರರಿ ಪೇಸ್‌ಮೇಕರ್ ಹಾಕಿದ್ದಾರೆ. ಹುಳದ ಗುಳ್ಳೆಗೂ ಬಡಿತಕ್ಕೂ ಏನ್ ಸಂಬಂಧ? ಸೂಜಿ ಹಾಕಿ ನೀರು ತೆಗೆದ್ರೆ ಆಗಲ್ವಾ? ಅತ್ತೆ ಊಟ ಬಿಟ್ಟಿದ್ದಾರೆ, ಗೊತ್ತಿರೋರು ಹೇಳಿ ಪ್ಲೀಸ್.

ಎಕೋರೂಮ್:
ನಾನು ಎಕೋ ಮಾಡೋ ಕೆಲಸದಲ್ಲಿದೀನಿ. ಬಡಿತದ ಕರೆಂಟು ಮೇಲಿನ ಕೋಣೆಯಿಂದ ಕೆಳಗೆ ಇಳಿಯೋದೇ ಆ ಮಧ್ಯದ ಗೋಡೆಲಿರೋ ಸಣ್ಣ ಎಳೆ ಮೂಲಕ, ಗುಳ್ಳೆ ನಿಧಾನಕ್ಕೆ ವರ್ಷಗಟ್ಟಲೆ ಬೆಳೆದು ಅದನ್ನ ಒತ್ತಿದ್ರೆ ಮೇಲಿನದು ಕೆಳಗೆ ತಲುಪಲ್ಲ, ಅದೇ ಕಂಪ್ಲೀಟ್ ಹಾರ್ಟ್ ಬ್ಲಾಕ್, ಕೆಳಗಿನ ಕೋಣೆ ತನ್ನಷ್ಟಕ್ಕೆ ನಿಧಾನಕ್ಕೆ ಬಡ್ಕೊಳ್ಳತ್ತೆ, ಅದೇ ನಿಮ್ಮ 38. ಗೋಡೆಯ ಬೇರೆ ಕಡೆ ಇದ್ರೆ ಉಲ್ಟಾ, ಸುತ್ತಲಿನ ಸ್ನಾಯು ಕೆರಳಿ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಅಂದ್ರೆ ಕೆಳಗಿನ ಕೋಣೆ ವಿಪರೀತ ಜೋರಾಗಿ ಓಡೋದು, ಬರಬಹುದು, ಅದು ಇನ್ನೂ ಅಪಾಯ. ಲಿವರ್‌ಲಾದ್ರೆ ಸೂಜಿ ಹಾಕ್ತಾರೆ, ಹಾರ್ಟಲ್ಲಿ ಬೇಡವೇ ಬೇಡ. ಒಡೆದು ಒಳಗಿನ ನೀರು ರಕ್ತಕ್ಕೆ ಸೇರಿದ್ರೆ ತೀವ್ರ ಅಲರ್ಜಿಲಿ ಬಿಪಿ ಕುಸಿಯತ್ತೆ, ಚೂರುಗಳು ಮಿದುಳಿಗೂ ಹೋಗಬಹುದು. ಹುಳದ ಮಾತ್ರೆ ಅಲ್ಬೆಂಡಜೋಲ್ ಕೊಡ್ತಾರೆ, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರಲ್ಲ. ಹಾರ್ಟ್-ಲಂಗ್ ಮೆಷಿನ್ ಮೇಲಿಟ್ಟು, ಸುತ್ತ ಗಾಢ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಇಟ್ಟು ತೆಗೀತಾರೆ. ಹೊಟ್ಟೆ ಸ್ಕ್ಯಾನ್ ಆಯ್ತಾ? ಈ ಕಾಯಿಲೆಲಿ ಹಾರ್ಟ್‌ಗೆ ಬರೋದು ನೂರಕ್ಕೆ ಒಂದೆರಡು ಮಾತ್ರ, ಹೆಚ್ಚಿನವು ಲಿವರಲ್ಲೇ ಸಿಕ್ಕಾಕೊಳ್ಳತ್ವೆ.

ಕುರಿಡಾಕ್ಟ್ರು:
ಪಶುವೈದ್ಯ ನಾನು. ಮಾಂಸ ತಿಂದಿದ್ದಕ್ಕೆ ಬಂದಿದ್ದಲ್ಲ, ಅತ್ತೆಗೆ ಇದನ್ನ ಹೇಳಿ. ಕುರಿ ಕೊಯ್ದಾಗ ಗುಳ್ಳೆ ಇರೋ ಲಿವರ್, ಶ್ವಾಸಕೋಶನ ನಾಯಿಗೆ ಎಸೀತಾರಲ್ಲ, ನಾಯಿ ಕರುಳಲ್ಲಿ ಅದು ಕೆಲವೇ ಮಿಲಿಮೀಟರ್ ಹುಳ ಆಗತ್ತೆ, ಅದರ ಮೊಟ್ಟೆ ನಾಯಿ ಹೇಲಲ್ಲಿ ಬಂದು ಮೈಕೂದಲು, ನೀರು, ಸೊಪ್ಪಿಗೆ ಅಂಟಿ ನಮ್ಮ ಬಾಯಿಗೆ ಬರತ್ತೆ. ಮಾವನಿಂದ ಯಾರಿಗೂ ಅಂಟಲ್ಲ, ಹತ್ತಿರ ಕೂತು ಉಣಿಸ್ಲಿ. ಹಟ್ಟಿ ನಾಯಿಗಳಿಗೆ ಹುಳದ ಔಷಧಿ ಪ್ರಾಜಿಕ್ವಾಂಟೆಲ್ ಹಾಕ್ಸಿ, ಮನೆಯವರೆಲ್ಲ ಹೊಟ್ಟೆ ಸ್ಕ್ಯಾನ್ ಮಾಡಿಸ್ಕೊಳ್ಳಿ.

ಹಟ್ಟಿಹುಡುಗ:
ತುಂಬಾ ಥ್ಯಾಂಕ್ಸ್ ಸರ್. ಸ್ಕ್ಯಾನ್ ಆಯ್ತು, ಲಿವರಲ್ಲೂ ಒಂದಿದೆ, ಹಾರ್ಟ್‌ದು ಮೊದಲು ಅಂದ್ರು, ಗುರುವಾರ ಆಪರೇಷನ್. ತೆಗೆದ್ಮೇಲೆ ಬಡಿತ ತಾನೇ ಸರಿ ಹೋಗತ್ತಾ?

ಎಕೋರೂಮ್:
ಕೆಲವರಿಗೆ ಹೋಗತ್ತೆ, ಎಳೆಗೆ ಪೆಟ್ಟಾಗಿದ್ರೆ ಪರ್ಮನೆಂಟ್ ಪೇಸ್‌ಮೇಕರ್ ಬೇಕಾಗತ್ತೆ. ಗುರುವಾರ ಸಂಜೆ ಇಲ್ಲೇ ಒಂದ್ ಸಾಲು ಹಾಕಿ, ಕಾಯ್ತಿರ್ತೀನಿ.