ಪಿಕಪ್ಪಿಗೆ ಹೆಲ್ಪರ್ ಸ್ಪ್ರಿಂಗ್ ಹಾಕಿಸೋದಾ? ಸ್ಪ್ರಿಂಗ್ ಮೇಸ್ತ್ರಿಯನ್ನೇ ಕೇಳಿ

ಪ್ರಶ್ನೆ (ಶ್ರೀನಿವಾಸಪುರ ಕಡೆಯ ಪಿಕಪ್ ಮಾಲೀಕ): ಮೇಸ್ತ್ರಿಗಳೇ ನಮಸ್ಕಾರ. ನನ್ನದು 1.3 ಟನ್ ಪಿಕಪ್. ಸೀಸನ್ನಿನಲ್ಲಿ ಟೊಮೆಟೊ ತುಂಬಿಕೊಂಡು ಕೋಲಾರ ಮಂಡಿಗೆ ಹೋಗ್ತೀನಿ. ಒಂದು ಟ್ರಿಪ್ಪಿಗೆ 120 ಬಾಕ್ಸು. ಲೋಡಾದ ಮೇಲೆ ಹಿಂದುಗಡೆ ಪೂರ್ತಿ ಕೂತುಬಿಡುತ್ತೆ. ಹಂಪ್ ಹತ್ತಿಸಿದರೆ ಆಕ್ಸಲ್ ಮೇಲಕ್ಕೆ ಬಡಿಯೋ ಸದ್ದು. ರಾತ್ರಿ ಎದುರಿಗೆ ಬರೋರು ಲೈಟ್ ಡಿಮ್ ಮಾಡು ಅಂತ ಬೈತಾರೆ, ನಾನು ಡಿಮ್ಮಲ್ಲೇ ಇರ್ತೀನಿ. ಒಬ್ಬರು ಎರಡು ಹೆಲ್ಪರ್ ಪ್ಲೇಟು (ಮೇನ್ ಸ್ಪ್ರಿಂಗ್ ಪಟ್ಟಿಗಳ ಜೊತೆ ಸೇರಿಸೋ ಹೆಚ್ಚುವರಿ ಪಟ್ಟಿ) ಹಾಕಿಸು ಅಂತಾರೆ, ಇನ್ನೊಬ್ಬರು ರಬ್ಬರ್ ಗುಂಡು, ಮತ್ತೊಬ್ಬರು ಏರ್ ಬ್ಯಾಗು (ಸ್ಪ್ರಿಂಗಿಗೆ ಆಸರೆಯಾಗಿ ಕೂರಿಸೋ ಗಾಳಿ ಚೀಲ). ಯಾವುದು ಒಳ್ಳೇದು?

ಉತ್ತರ (ಸ್ಪ್ರಿಂಗ್ ಮೇಸ್ತ್ರಿ): ಸ್ಪ್ರಿಂಗಿಗೆ ಮುಂಚೆ ಒಂದು ಲೆಕ್ಕ ಹಾಕೋಣ ತಮ್ಮಾ. ಬಾಕ್ಸಿಗೆ 15 ಕೆಜಿ ಹಣ್ಣು, ಖಾಲಿ ಕ್ರೇಟಿನ ತೂಕ ಒಂದೂವರೆ ಕೆಜಿ ಅಂತ ಹಿಡಿದರೂ 120ಕ್ಕೆ 1,980 ಕೆಜಿ ಆಯ್ತು. ನೀನು, ಜೊತೆಗೊಬ್ಬ ಹುಡುಗ, ಇಬ್ಬರದ್ದು 130. ಒಟ್ಟು 2,110. ಗಾಡಿ ಪಾಸಾಗಿರೋದು 1,300ಕ್ಕೆ. ಅಂದರೆ 800 ಕೆಜಿ ಜಾಸ್ತಿ. ನಿನ್ನ ಸ್ಪ್ರಿಂಗ್ ಸೋತಿದೆ ಅಂತ ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ, ಪಾಪ ಇಷ್ಟು ದಿನ ತಡೆದಿದೆಯಲ್ಲ.

ಹೆಲ್ಪರ್ ಹಾಕಿದರೆ ಕೂತಿದ್ದು ಮೇಲೆ ಏಳುತ್ತೆ, ನಿಜ. ಲೈಟೂ ಕೆಳಗಿಳಿಯುತ್ತೆ. ಆದರೆ ತೂಕ ಹೋಗೋದೆಲ್ಲಿಗೆ? ಅದೇ ಆಕ್ಸಲ್, ಅದೇ ಬೇರಿಂಗು, ಅದೇ ಟೈರು. ಟೈರಿನ ಪಕ್ಕದಲ್ಲಿ ಸೈಜಿನ ಮುಂದೆ ಒಂದು ನಂಬರು ಅಚ್ಚಾಗಿರುತ್ತೆ, ನೋಡು. 112 ಅಂತಿದ್ದರೆ ಒಂದು ಟೈರು ತಡೆಯೋದು 1,120 ಕೆಜಿ, ಹಿಂದಿನ ಎರಡಕ್ಕೆ 2,240. ನಿನ್ನ ಲೋಡಿನ ಹತ್ತರಲ್ಲಿ ಒಂಬತ್ತು ಪಾಲು ಹಿಂದಿನ ಆಕ್ಸಲ್ ಮೇಲೇ ಬೀಳುತ್ತೆ. ಖಾಲಿ ಗಾಡಿಯ ಹಿಂಭಾಗದ್ದೇ ಸುಮಾರು 700 ಇರುತ್ತೆ. ಎರಡೂ ಸೇರಿ 2,480ರ ಹತ್ತಿರ. ಬೇಸಿಗೆ ಮಧ್ಯಾಹ್ನ ಹೈವೇಲಿ ಟೈರು ಯಾಕೆ ಸಿಡಿಯುತ್ತೆ ಅಂತ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಸಿಕ್ಕಿಬಿದ್ದರೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಪ್ರಕಾರ 20,000 ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000, ಜಾಸ್ತಿ ಮಾಲು ಇಳಿಸೋ ಖರ್ಚೂ ನಿನ್ನದೇ. "ಹೆಲ್ಪರ್ ಹಾಕಿಸಿದ್ದೀನಿ ಸಾರ್" ಅಂದರೆ ಯಾರೂ ಬಿಡಲ್ಲ. ಆರ್‌ಸಿಯಲ್ಲಿರೋ ನಂಬರು ಸ್ಪ್ರಿಂಗ್ ಅಂಗಡಿಯಲ್ಲಿ ಬದಲಾಗಲ್ಲ.

70 ಬಾಕ್ಸಿಗೆ ಇಳಿಸು. ಆಗಲೂ ಕೂರುತ್ತಾ ನೋಡಿ ಹೇಳು. ಕೂತರೆ ಹೆಲ್ಪರ್ ಮಾತಾಡೋಣ.

ಅದೇ ಮಾಲೀಕ: ಅಣ್ಣಾ, 70 ಬಾಕ್ಸಿಗೆ ಡೀಸೆಲ್ ಕಾಸು ಹುಟ್ಟಲ್ಲ. ಆದರೂ ನಿಮ್ಮ ಮಾತಿಗೆ ನಿನ್ನೆ 72 ಹಾಕಿ ನೋಡಿದೆ. ಬಡಿಯಲ್ಲ, ಆದರೆ ಎಡಗಡೆ ಬಲಕ್ಕಿಂತ ಎರಡು ಬೆರಳು ಕೆಳಗಿದೆ. ಗಾಡಿಗೆ ಎಂಟು ವರ್ಷ.

ಉತ್ತರ: ಇದು ಬೇರೆ ಕಾಯಿಲೆ. ಸಮ ಇರೋ ಜಾಗದಲ್ಲಿ ಗಾಡಿ ನಿಲ್ಲಿಸಿ, ಖಾಲಿ ಇದ್ದಾಗ ಹಿಂದಿನ ಚಕ್ರದ ನಡುವಿನಿಂದ ಮೇಲೆ ಬಾಡಿ ಅಂಚಿನ ತನಕ ಟೇಪು ಹಿಡಿ, ಎರಡೂ ಕಡೆ. ಖಾಲಿಯಲ್ಲೂ ಎಡ ಕೆಳಗಿದ್ದರೆ ಆ ಕಡೆ ಪ್ಲೇಟಿನ ಕಮಾನು ಇಳಿದಿದೆ, ಇಲ್ಲವೇ ಒಳಗಿನ ಪ್ಲೇಟು ಯಾವುದೋ ಕಟ್ಟಾಗಿದೆ. ಕಟ್ಟಾದ ಪ್ಲೇಟು ಯು ಬೋಲ್ಟಿನ (ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿಯೋ ಬೋಲ್ಟು) ಹತ್ತಿರ ಮಣ್ಣಲ್ಲಿ ಮುಚ್ಚಿಕೊಂಡಿರುತ್ತೆ, ನೀರು ಹೊಡೆದು ತೊಳೆದರೆ ಮಾತ್ರ ಕಾಣುತ್ತೆ. ಇಂಥ ಸೆಟ್ಟಿನ ಮೇಲೆ ಹೆಲ್ಪರ್ ಕೂರಿಸಿದರೆ ಹೆಲ್ಪರೇ ಮೇನ್ ಆಗಿ ಕೆಲಸ ಮಾಡುತ್ತೆ, ಆರು ತಿಂಗಳಲ್ಲಿ ಅದೂ ಹೋಗುತ್ತೆ. ಮೊದಲು ಸೆಟ್ ಬಿಚ್ಚಿಸು. ಹಾಕೋದಾದರೆ ಎರಡೂ ಕಡೆಗೆ ಜೋಡಿಯಾಗಿ ಹೊಸ ಪ್ಲೇಟು.

ಸುತ್ತಿಗೆಯಲ್ಲಿ ಬಡಿದು ಕಮಾನು ಎತ್ತಿಕೊಡ್ತೀವಿ ಅನ್ನೋರು ಸಿಗ್ತಾರೆ. ನಾನೂ ಹುಡುಗನಾಗಿದ್ದಾಗ ಬಡಿದಿದ್ದೀನಿ. ಎರಡು ಸೀಸನ್ ತಡೆದರೆ ಪುಣ್ಯ. ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ಕಾಯಿಸಿ ತೆಗೆದರೆ ಮಾತ್ರ ಆ ಉಕ್ಕಿಗೆ ಜೀವ ಬರೋದು.

ಪ್ರಶ್ನೆ (ಪುತ್ತೂರು ಕಡೆಯವರು): ನಮ್ಮದು ಕೆಂಪುಕಲ್ಲಿನ ಬಾಡಿಗೆ, ಸಣ್ಣ ಲಾರಿ. ತೂಕ ಪಾಸಿಂಗ್ ಒಳಗೇ ಇದೆ, ವೇ ಬ್ರಿಡ್ಜ್ ಚೀಟಿ ಇದೆ. ಘಾಟಿಯ ತಿರುವಿನಲ್ಲಿ ಬಾಡಿ ವಾಲ್ತದೆ. ಮೇಲೆ ಹೆಲ್ಪರ್ ಸೆಟ್ ಕೂರಿಸುವುದಾ, ಕೆಳಗೆ ಒಂದು ದಪ್ಪ ಪ್ಲೇಟ್ ಸೇರಿಸುವುದಾ?

ಉತ್ತರ: ಚೀಟಿ ಇಟ್ಟುಕೊಂಡು ಕೇಳಿದ್ದೀರಿ, ಖುಷಿ ಆಯ್ತು. ನಿಮಗೆ ಮೇಲಿನ ಹೆಲ್ಪರ್ ಸೆಟ್ಟೇ ಸರಿ. ಖಾಲಿ ಬರುವಾಗ ಅದರ ತುದಿ ಬ್ರಾಕೆಟ್ಟಿಗೆ ತಾಗದೆ ಸುಮ್ಮನೆ ತೇಲಿಕೊಂಡಿರಬೇಕು, ಅರ್ಧ ಲೋಡ್ ದಾಟಿದ ಮೇಲೆ ತಾಗಬೇಕು. ಕೆಳಗೆ ದಪ್ಪ ಪ್ಲೇಟ್ ಸೇರಿಸಿದರೆ ಖಾಲಿಯಲ್ಲೂ ಗಾಡಿ ಎತ್ತಿ ಎತ್ತಿ ಹಾಕುತ್ತೆ, ಮಳೆಯಲ್ಲಿ ಹಿಂದಿನ ಚಕ್ರಕ್ಕೆ ಹಿಡಿತವೇ ಇರಲ್ಲ. ನಿಮ್ಮ ಕಡೆ ಮಳೆ ನಿಮಗೇ ಗೊತ್ತು.

ದಪ್ಪದ ವಿಷಯದಲ್ಲಿ ಎಲ್ಲರೂ ಎಡವೋದು ಇಲ್ಲೇ. 10 ಎಂಎಂ ಬದಲು 12 ಎಂಎಂ ಹಾಕಿದರೆ ಅದೇ ಉದ್ದ, ಅಗಲಕ್ಕೆ ಬಿಗಿ ಎಷ್ಟು ಹೆಚ್ಚಬಹುದು? ಐದರಲ್ಲೊಂದು ಪಾಲು ಅಂತ ಅಂದುಕೊಳ್ತಾರೆ. ಬಿಗಿ ಹೆಚ್ಚೋದು ದಪ್ಪದ ಘನಕ್ಕೆ. 1.2 × 1.2 × 1.2 ಗುಣಿಸಿ, 1.73 ಬರುತ್ತೆ. ಎರಡು ಎಂಎಂಗೆ ಹತ್ತಿರ ಹತ್ತಿರ ಮುಕ್ಕಾಲು ಪಾಲು ಹೆಚ್ಚು ಬಿಗಿ! ಅದಕ್ಕೇ ಅಂಗಡಿಯವನು ಕೈಗೆ ಸಿಕ್ಕ ಪ್ಲೇಟು ಸೇರಿಸಿ "ಆಯ್ತು ಹೋಗಿ" ಅಂದರೆ ನಂಬಬೇಡಿ, ಕ್ಯಾಲಿಪರ್ ಹಿಡಿದು ಅಳೆಸಿ.

ಇನ್ನೊಂದು, ಬ್ರಾಕೆಟ್ಟು. ಚಾಸಿಯ ಪಕ್ಕದ ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಮೇಲಿನ, ಕೆಳಗಿನ ಮಡಿಕೆಗೆ ತೂತು ಕೊರೆಯೋದು, ವೆಲ್ಡಿಂಗ್ ಮಾಡೋದು ಬೇಡವೇ ಬೇಡ. ಹೀಗೆ ವೆಲ್ಡ್ ಮಾಡಿಸಿಕೊಂಡ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು, ಚಾಸಿ ಅದೇ ಜಾಗದಿಂದ ಸೀಳು ಬಿಟ್ಟಿತ್ತು. ಪ್ಲೇಟಿನ ಹತ್ತಿರವಂತೂ ಗ್ಯಾಸ್ ಕಟ್ಟರ್ ತರಲೇಬೇಡಿ. ಸೆಟ್ ದಪ್ಪ ಆದಮೇಲೆ ಯು ಬೋಲ್ಟ್ ಉದ್ದದ್ದು ಬೇಕು, ಹೊಸದೇ ಬೇಕು. ಮೊದಲ ಲೋಡ್ ಇಳಿಸಿದ ಮೇಲೆ ಒಂದು ಸಲ, 500 ಕಿಲೋಮೀಟರಿಗೆ ಮತ್ತೊಂದು ಸಲ ಬಿಗಿ ಮಾಡಿಸಿ. ಸಡಿಲ ಬಿಟ್ಟರೆ ಪ್ಲೇಟುಗಳನ್ನ ನಡುವೆ ಸೇರಿಸಿ ಹಿಡಿಯೋ ಸೆಂಟರ್ ಬೋಲ್ಟ್ ಕಟ್ಟಾಗಿ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತೆ, ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತೆ.

ಪ್ರಶ್ನೆ (ಹಾವೇರಿ): ನಾನು ಹೋದ ತಿಂಗಳು ಪಿಕಪ್ಪಿಗೆ ಹೆಲ್ಪರ್ ಹಾಕಿಸೇನ್ರಿ. ಗಾಡಿ ಚಂದ ನಿಂತೈತಿ. ಆದ್ರ ಲೋಡ್ ಇದ್ದಾಗ ಬ್ರೇಕ್ ಮೊದಲಿನಂಗ ಹಿಡಿಯಂಗಿಲ್ಲ, ಮುಂದಿನ ಬ್ರೇಕ್ ಪ್ಯಾಡ್ ಲಗೂನ ಸವೀತಾವ. ಸ್ಪ್ರಿಂಗಿಗೂ ಬ್ರೇಕಿಗೂ ಏನ್ ಸಂಬಂಧರೀ?

ಉತ್ತರ: ಸಂಬಂಧ ಇದೆ ಅಣ್ಣಾರೆ, ಇದನ್ನ ಯಾವ ಅಂಗಡಿಯವನೂ ಹೇಳಲ್ಲ. ಅನೇಕ ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಒಂದು ಕಡ್ಡಿ ಇರುತ್ತೆ, ಅದರ ತುದಿಗೆ ಬ್ರೇಕ್ ವಾಲ್ವು. ಬಾಡಿ ಕೆಳಗೆ ಕೂತಷ್ಟೂ "ಓಹೋ, ಲೋಡ್ ಇದೆ" ಅಂತ ಆ ವಾಲ್ವು ಹಿಂದಿನ ಚಕ್ರಕ್ಕೆ ಬ್ರೇಕ್ ಜಾಸ್ತಿ ಬಿಡುತ್ತೆ. ಖಾಲಿ ಇದ್ದರೆ ಕಡಿಮೆ ಬಿಡುತ್ತೆ, ಚಕ್ರ ಲಾಕ್ ಆಗಬಾರದಲ್ಲ. ಈಗ ಹೆಲ್ಪರ್ ಬಾಡಿಯನ್ನ ಎತ್ತಿ ಹಿಡಿದಿದೆ. ಒಂದು ಟನ್ ಹೇರಿದರೂ ವಾಲ್ವಿಗೆ ಖಾಲಿ ಗಾಡಿ ಅಂತಲೇ ಕಾಣ್ತಿದೆ. ಎಲ್ಲಾ ಕೆಲಸ ಮುಂದಿನ ಬ್ರೇಕಿಗೆ ಬಿತ್ತು.

ಕಡ್ಡಿಯನ್ನ ನೀವೇ ಬಗ್ಗಿಸೋಕೆ ಹೋಗಬೇಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಪ್ರೆಷರ್ ಗೇಜ್ ಹಾಕಿ ಸೆಟ್ ಮಾಡಿಸಿ, ಹೆಲ್ಪರ್ ಹಾಕಿಸಿದ್ದೀನಿ ಅಂತ ಮುಚ್ಚಿಡದೆ ಹೇಳಿ. ಸರಿಹೋಗದಿದ್ದರೆ ಹೆಲ್ಪರ್ ತೆಗೆಸಿ. ಅಲ್ಲಿಯ ತನಕ ಲೋಡ್ ಹೊಡೀಬೇಡಿ.

ಪ್ರಶ್ನೆ (ಹಾಲಿನ ವ್ಯಾನ್, ಮಂಡ್ಯ): ಏರ್ ಬ್ಯಾಗ್ ಬಗ್ಗೆ ಹೇಳಲೇ ಇಲ್ವಲ್ಲ ಸಾರ್?

ಉತ್ತರ: ಹೋಗುವಾಗ ತುಂಬಿದ ಕ್ಯಾನು, ಬರುವಾಗ ಖಾಲಿ ಕ್ಯಾನು ಅನ್ನೋ ನಿಮ್ಮಂಥವರಿಗೆ ಚೆನ್ನಾಗಿರುತ್ತೆ, ಗಾಳಿ ಹೆಚ್ಚುಕಮ್ಮಿ ಮಾಡ್ಕೋಬಹುದು. ಆದರೆ ದಿನಾ ಗಾಳಿ ನೋಡೋ ಶಿಸ್ತು ಬೇಕು. ಒಂದು ಕಡೆ ಸೋರಿದರೆ ತಿರುವಿನಲ್ಲಿ ಗಾಡಿ ಆ ಕಡೆಗೇ ವಾಲುತ್ತೆ. ಹಾವೇರಿಯವರಿಗೆ ಹೇಳಿದ ಬ್ರೇಕ್ ವಾಲ್ವಿನ ಮಾತು ಇದಕ್ಕೂ ಅಷ್ಟೇ. ರಬ್ಬರ್ ಗುಂಡು ಅಗ್ಗ, ಬಡಿಯೋ ಪೆಟ್ಟು ತಡೆಯುತ್ತೆ, ಕೂರೋದನ್ನ ಅಷ್ಟಾಗಿ ತಡೆಯಲ್ಲ.

ಶ್ರೀನಿವಾಸಪುರದ ತಮ್ಮಾ, ಟೇಪಿನ ಅಳತೆ ಇನ್ನೂ ಬಂದಿಲ್ಲ. ಎಡ ಬಲ ಎರಡೂ ಕಡೆ ಫೋಟೋ ಹಾಕು, ನಂಬರು ಕಾಣೋ ಹಾಗೆ.