ಕಾದಂಬರಿ 40ನೇ ಪುಟದಲ್ಲಿ ನಿಂತಿದೆ, ನೀವೆಲ್ಲ ಹೇಗೆ ಬರೆಯುತ್ತೀರಿ?

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಷ್ಟ್ರು ನಾನು. ಸಣ್ಣ ಕತೆ ಕೆಲವು ಬರೆದಿದ್ದೇನೆ. ಈಗ ಕಾದಂಬರಿಗೆ ಕೈ ಹಾಕಿದರೆ 40 ಪುಟಕ್ಕೇ ನಿಂತುಹೋಯಿತು. ಶಾಲೆ, ಮನೆ, ತೋಟ ಎಲ್ಲ ಮುಗಿಸಿ ರಾತ್ರಿ ಕೂತರೆ ತೂಕಡಿಕೆ. ದಿನಾ ಬರೆಯಲೇಬೇಕಾ? ವಸ್ತು ನಿಮಗೆ ಎಲ್ಲಿಂದ ಸಿಗುತ್ತದೆ? ಮಾತುಗಳನ್ನು ಯಾವ ಕನ್ನಡದಲ್ಲಿ ಬರೆಯುತ್ತೀರಿ? ಬರೆದು ಮುಗಿಸಿದವರು ಅನುಭವ ಹೇಳಿ.

ಕಾಸರಗೋಡು ಪೇಟೆಯಿಂದ, ನಿವೃತ್ತ ಬ್ಯಾಂಕ್ ನೌಕರ:

ರಾತ್ರಿಯ ಆಸೆ ಬಿಡಿ ಮಾಷ್ಟ್ರೇ. ಇಡೀ ದಿನ ಮಕ್ಕಳ ಹತ್ತಿರ ಮಾತಾಡಿದ ಮೇಲೆ ತಲೆಯಲ್ಲಿ ಏನು ಉಳಿದಿರುತ್ತದೆ? ನಾನು ಕೆಲಸದಲ್ಲಿದ್ದಾಗ ಬರೆದದ್ದೆಲ್ಲ ಬೆಳಗ್ಗೆ, ಮನೆಯವರು ಏಳುವ ಮೊದಲು. ಇಂಗ್ಲೆಂಡಿನ ಆಂಟನಿ ಟ್ರಾಲಪ್ ಅಂತ ಒಬ್ಬ ಕಾದಂಬರಿಕಾರ ಇದ್ದ. ಅಂಚೆ ಇಲಾಖೆಯ ನೌಕರಿ ಮಾಡಿಕೊಂಡೇ ಎಷ್ಟೋ ಕಾದಂಬರಿ ಬರೆದವನು, ಜೀವಮಾನದಲ್ಲಿ ಒಟ್ಟು 47. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ತನ್ನನ್ನು ಎಬ್ಬಿಸಿ ಕಾಫಿ ಕೊಡಲಿಕ್ಕೆ ಕುದುರೆ ಲಾಯದ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದನಂತೆ. ಅಷ್ಟು ವೇಗ ನಮಗೆ ಬೇಡ. ಹೊತ್ತು ಮಾತ್ರ ಗೊತ್ತು ಮಾಡಿಕೊಳ್ಳಿ. ಇನ್ನೊಂದು, ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಿ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಮಾಡುತ್ತಿದ್ದದ್ದೂ ಹೀಗೇ. ಮರುದಿನ ಖಾಲಿ ಪುಟ ನೋಡಿಕೊಂಡು ಕೂರುವುದು ತಪ್ಪುತ್ತದೆ.

ಬಾಯಾರಿನಿಂದ:

ವಸ್ತುವಿನ ಬಗ್ಗೆ ನಾನು ಹೇಳುತ್ತೇನೆ. ಒಬ್ಬ ಕೆಲಸದವರ ಹತ್ತಿರ ಹೋಗಿ ಕೂತುಕೊಳ್ಳಿ. ನಮ್ಮಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರೇ ಮನೆಗೂ ತೋಟಕ್ಕೂ. ಸುರಂಗದ ಬಗ್ಗೆ ಪೇಪರಿನಲ್ಲಿ ಬೇಕಾದಷ್ಟು ಬಂದಿದೆ, ಅದನ್ನು ಓದಿಕೊಂಡರೆ ಲೇಖನ ಆಗಬಹುದು, ಕಾದಂಬರಿ ಆಗುವುದಿಲ್ಲ. ಕೊರೆದು ಗೊತ್ತಿದ್ದ ಅಜ್ಜ ಒಬ್ಬರನ್ನು ಹುಡುಕಿದೆ. "ಕಷ್ಟ ಆಗ್ತಿತ್ತಾ ಅಜ್ಜ?" ಅಂದರೆ "ಹೌದು ಮಗಾ" ಅಂದರು. ಅಷ್ಟೇ. ಪಿಕ್ಕಾಸಿನ ಹಿಡಿ ಎಷ್ಟುದ್ದ ಇರುತ್ತಿತ್ತು ಅಂತ ಕೇಳಿದೆ ನೋಡಿ, ಮಾತು ಹರಿಯಿತು. ಒಳಗೆ ಕೈ ಬೀಸಲಿಕ್ಕೆ ಜಾಗ ಇಲ್ಲ, ಹಾಗಾಗಿ ಹಿಡಿ ಗಿಡ್ಡ. ಮುರಕಲ್ಲಿನ ಗೋಡೆಯಲ್ಲಿ ಸಣ್ಣ ಗೂಡು ಕೊರೆದು ಕ್ಯಾಂಡಲ್ ಇಡುವುದು. ಉರಿ ಸಣ್ಣದಾಯಿತು ಅಂದರೆ ಗಾಳಿ ಸಾಲದು, ಕೆಲಸ ಬಿಟ್ಟು ಹೊರಗೆ ಬರಬೇಕು. ಒಬ್ಬ ಕಡಿಯುವುದು, ಇನ್ನೊಬ್ಬ ಮಣ್ಣು ಹೊರಗೆ ಹಾಕುವುದು. ಕೂಲಿ ಕೋಲಿನ ಲೆಕ್ಕ, ಅಂದರೆ ಕಡಿದ ಉದ್ದವನ್ನು ಕೋಲಿನಲ್ಲಿ ಅಳೆದು. ನೀರು ಸಿಗದಿದ್ದರೂ ಕಡಿದಷ್ಟಕ್ಕೆ ದುಡ್ಡು ಕೊಡಬೇಕಲ್ವಾ, ಅಲ್ಲೇ ತಕರಾರು. ನನಗೆ ಕತೆ ಸಿಕ್ಕಿದ್ದು ಆ ತಕರಾರಿನಲ್ಲಿ. ಸಾಲ ಮಾಡಿ ಕೂತ ಯಜಮಾನ, ಮೈಯೆಲ್ಲ ಕೆಂಪು ಮಣ್ಣಾದ ಕೆಲಸದವ, ಇನ್ನೂ ನಾಲ್ಕು ಕೋಲು ಕಡಿಯುವುದಾ ಬಿಡುವುದಾ ಅಂತ ಸುರಂಗದ ಬಾಯಲ್ಲಿ ಕೂತು ಚರ್ಚೆ. ಇಬ್ಬರೂ ಸರಿ. ಇಬ್ಬರೂ ಸರಿಯಾಗಿರುವ ಜಗಳ ಸಿಕ್ಕಿದರೆ ಬಿಡಬೇಡಿ.

ಇನ್ನೊಂದು ಜಾಗ ಮನೆಯ ಕಾಗದದ ಪೆಟ್ಟಿಗೆ. 1956ರ ನವೆಂಬರ್ 1ಕ್ಕೆ ಕೇರಳ ಆಗುವವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆ. ಅಜ್ಜನ ಜಾಗದ ಆಧಾರಪತ್ರ ಕನ್ನಡದಲ್ಲಿ, ಮೊಮ್ಮಗನಿಗೆ ಬಂದ ನೋಟೀಸು ಮಲಯಾಳದಲ್ಲಿ, ತೋಟ ಅದೇ. ಇದರ ಮೇಲೆ ಭಾಷಣ ಬರೆಯಬೇಡಿ, ಅದು ಬೇಕಾದಷ್ಟು ಆಗಿದೆ. ಮಲಯಾಳ ಓದಲಿಕ್ಕೆ ಬಾರದ ಮುದುಕ ಆ ನೋಟೀಸು ಓದಿಸಲಿಕ್ಕೆ ಯಾರನ್ನು ಕರೆಯುತ್ತಾನೆ? ಅವನಿಗೆ ಚಾ ಕುಡಿಸುತ್ತಾನಾ? ಓದುವವನು ಪೂರ್ತಿ ಓದಿ ಹೇಳುತ್ತಾನಾ, ಒಂದು ಸಾಲು ನುಂಗುತ್ತಾನಾ? ಅದನ್ನು ಬರೆಯಿರಿ.

ನಿಮ್ಮದು ಪೆರ್ಲ ಅಂದಿರಲ್ಲ, ಗೇರು ತೋಟಕ್ಕೆ ಸಿಂಪಡಿಸಿ ಜನರ ಆರೋಗ್ಯ ಕೆಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಬರೆಯುವ ಮನಸ್ಸಿದ್ದರೆ ನೋಟ್‌ಬುಕ್ ಹಿಡಿದುಕೊಂಡು ಅದರಿಂದ ನೊಂದವರ ಮನೆಗಳಿಗೆ ಹೋಗಬೇಡಿ. ಬಂದವರಿಗೆಲ್ಲ ಅದೇ ಕತೆ ಹೇಳಿ ಅವರಿಗೆ ಸಾಕಾಗಿದೆ.

ಬದಿಯಡ್ಕದಿಂದ, ಅಡಿಕೆ ತೋಟದವಳು:

ಬೆಳಗ್ಗೆ ಐದೂವರೆಗೆ ಬರೆಯಲಿಕ್ಕೆ ಕೂರುವವರಿಗೆ ಕಾಫಿ ಕೊಡುವ ಆಳು ಇದ್ದ ಅಂತ ಮೇಲಿನವರೇ ಹೇಳಿದ್ದಾರೆ, ಗಮನಿಸಿ! ನಮ್ಮ ಮನೆಯಲ್ಲಿ ಆ ಆಳು ನಾನೇ. ದಿನಾ ಬರೆಯುವ ವ್ರತ ನನ್ನಿಂದ ಆಗಲಿಲ್ಲ. ಮಳೆಗೆ ಮೊದಲು ಮೈಲುತುತ್ತು, ಸುಣ್ಣ ಕಲಸಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಬೇಸಗೆಯಲ್ಲಿ ಅಂಗಳ ತುಂಬ ಅಡಿಕೆ. ನನ್ನ ಬರವಣಿಗೆಯ ಕಾಲ ಆಟಿ, ತುಳುವರ ಜುಲೈ-ಆಗಸ್ಟಿನ ತಿಂಗಳು. ಹೊರಗೆ ಕಾಲಿಡಲಿಕ್ಕೆ ಆಗದ ಮಳೆ, ಬರುವವರೂ ಇಲ್ಲ. ಉಳಿದ ತಿಂಗಳು ಸುಮ್ನೆ ಕೂರುವುದಿಲ್ಲ, ಹಳೆ ಕ್ಯಾಲೆಂಡರಿನ ಹಿಂದೆ ಎರಡು ಸಾಲು ಗೀಚಿ ಇಡುತ್ತೇನೆ. ಯಾರು ಏನು ಹೇಳಿದರು, ಯಾವ ಮಾತಿಗೆ ಯಾರು ಎದ್ದು ಹೋದರು, ಇಷ್ಟೇ. ಮಳೆ ಹಿಡಿದ ಮೇಲೆ ಆ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತರೆ ಅರ್ಧ ಕೆಲಸ ಆಗಿರುತ್ತದೆ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳೂ ಮಾಷ್ಟ್ರಾಗಿದ್ದರು, ಕೃಷಿಕರಾಗಿದ್ದರು, ಮೇಲಿಂದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಚಳವಳಿ ಬೇರೆ. ಸಮಯ ಇಲ್ಲ ಅಂತ ಅವರ ಊರಿನಲ್ಲಿ ಕೂತು ಹೇಳಲಿಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಮಂಜೇಶ್ವರದಿಂದ:

ಮಾತಿನ ಬಗ್ಗೆ ಎರಡೇ ಮಾತು. ನಮ್ಮ ಒಬ್ಬನೇ ಮನುಷ್ಯ ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಮಾತಾಡುತ್ತಾನೆ. ಎಲ್ಲವನ್ನೂ ಹಾಗೆಯೇ ಇಳಿಸಿದರೆ ಧಾರವಾಡದವರು ಪುಸ್ತಕ ಮುಚ್ಚಿಡುತ್ತಾರೆ. ಸಿಟ್ಟು, ಬೈಗುಳ, ಮಗುವನ್ನು ಕರೆಯುವುದು, ಇವುಗಳನ್ನು ಮಾತ್ರ ಅವರವರ ಭಾಷೆಯಲ್ಲಿ ಬಿಡಿ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ, ಸುಳ್ಳು ಮಾತು ಕಿವಿಗೆ ತಕ್ಷಣ ಸಿಕ್ಕಿಬೀಳುತ್ತದೆ.

ಪೆರ್ಲದ ಮಾಷ್ಟ್ರು:

ತುಂಬಾ ಉಪಕಾರ ಆಯ್ತು. ಒಂದು ಹೆದರಿಕೆ ಹೇಳಲಿಲ್ಲ. ನಿಂತದ್ದು ನಿಜವಾಗಿ ದೊಡ್ಡಪ್ಪನ ಪಾತ್ರ ಬಂದಲ್ಲಿ. ಊರಿಗೆಲ್ಲ ಗುರುತು ಸಿಗುತ್ತದೆ. ಇಂಥದ್ದಕ್ಕೆ ಏನು ಮಾಡುತ್ತೀರಿ?

ಬದಿಯಡ್ಕದಿಂದ:

ಓ, ಸಂಗತಿ ಅದಾ! ಹಾಗಾದರೆ ತೂಕಡಿಕೆಯ ಮೇಲೆ ಯಾಕೆ ತಪ್ಪು ಹೊರಿಸಿದಿರಿ? ದೊಡ್ಡಪ್ಪನ ಕೆಲಸ ಬದಲಿಸಿ, ಮನೆ ಬದಲಿಸಿ, ಎರಡು ಮಕ್ಕಳನ್ನು ಜಾಸ್ತಿ ಕೊಡಿ. ಸಾಧ್ಯ ಆದರೆ ಹೆಂಗಸು ಮಾಡಿಬಿಡಿ. ನಾನು ನನ್ನ ಮಾವನನ್ನು ಒಬ್ಬ ವಿಧವೆ ಅತ್ತೆಯಾಗಿ ಮಾಡಿದ್ದೆ. ಮಾವ ಪೂರ್ತಿ ಓದಿದರು. "ಈ ಹೆಂಗಸು ಮಹಾ ಜಿಪುಣಿ ಮಾರಾಯ್ತಿ" ಅಂದರು.