ವಾತಾಷ್ಠೀಲ ಅಂದ್ರೆ ಪ್ರಾಸ್ಟೇಟೇನಾ? ಜೊತೆಗೆ ನೆಗ್ಗಿಲು, ಸಾಬೀತು

ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 68. ರಾತ್ರಿ ಮೂತ್ರಕ್ಕೆ ನಾಲ್ಕೈದು ಸಲ ಏಳ್ತಾರೆ, ಹೋದ್ರೂ ಪೂರ್ತಿ ಆದಂಗಿರಲ್ಲ, ಗೋಡೆ ಹಿಡ್ಕೊಂಡು ಕಾಯ್ತಾ ನಿಂತಿರ್ತಾರೆ. ನೆಂಟರೊಬ್ರು ಗೋಕ್ಷುರ ಚೂರ್ಣದ ಡಬ್ಬಿ ತಂದುಕೊಟ್ರು, ಅದರ ಮೇಲೆ ವಾತಾಷ್ಠೀಲ ಅಂದರೆ ಪ್ರಾಸ್ಟೇಟ್ ಊತಕ್ಕೆ ಸಾವಿರಾರು ವರ್ಷಗಳಿಂದ ಸಾಬೀತಾದ ಮದ್ದು ಅಂತಿದೆ. ನಂಗೆ ತಡೆದಿದ್ದು ಆ "ಅಂದರೆ".

ಪ್ರಾಸ್ಟೇಟ್ ಅನ್ನೋದು ಗಂಡಸರ ಮೂತ್ರಕೋಶದ ಕೆಳಗಿರೋ ಗ್ರಂಥಿ. ವಾತಾಷ್ಠೀಲ ಆಯುರ್ವೇದದ ಸುಶ್ರುತ ಹೇಳೋ 12 ಮೂತ್ರಾಘಾತಗಳಲ್ಲಿ, ಅಂದ್ರೆ ಮೂತ್ರ ಕಟ್ಟೋ ಕಾಯಿಲೆಗಳಲ್ಲಿ, ಒಂದು. ಅಷ್ಠೀಲ ಅಂದ್ರೆ ದುಂಡು ಕಲ್ಲು. ಮಲದ ದಾರಿಗೂ ಮೂತ್ರಕೋಶಕ್ಕೂ ನಡುವೆ ವಾಯು ಸೇರ್ಕೊಂಡು ಕಲ್ಲಿನಂಥ, ಅಲ್ಲಾಡದ, ಉಬ್ಬಿದ ಗಂಟು ಮಾಡುತ್ತೆ, ಅದರಿಂದ ಮಲ, ಮೂತ್ರ, ವಾಯು ಮೂರೂ ಕಟ್ಟುತ್ತೆ ಅಂತ ಅಲ್ಲಿದೆ. ಜಾಗವೇನೋ ಹತ್ತಿರತ್ರ ಹೊಂದುತ್ತೆ, ಒಪ್ತೀನಿ. ಆದ್ರೆ ಅದು ಗಂಡಸರಿಗೆ ಮಾತ್ರ ಬರೋದು ಅಂತ ಆ ಶ್ಲೋಕದಲ್ಲಿಲ್ಲ, ವಯಸ್ಸಾದ್ಮೇಲೆ ಬೆಳೆಯೋ ಗ್ರಂಥಿ ಅಂತಾನೂ ಇಲ್ಲ. ಹೋಲುತ್ತೆ ಅನ್ನೋದು ಬೇರೆ, ಅದೇ ಇದು ಅನ್ನೋದು ಬೇರೆ ಅಲ್ವಾ?

ಇನ್ನು ಗೋಕ್ಷುರ ಅಂದ್ರೆ ನಮ್ಮ ಹೊಲದ ಬದುವಿನ ನೆಗ್ಗಿಲು ಮುಳ್ಳೇ. ಹಳದಿ ಹೂವು, ನೆಲಕ್ಕೆ ಹಬ್ಬಿರುತ್ತೆ, ಒಣಗಿದ ಕಾಯಿ ಐದು ಹೋಳಾಗುತ್ತೆ, ಹೆಂಗೆ ಬಿದ್ರೂ ಒಂದು ಮುಳ್ಳು ಮೇಲಕ್ಕೇ ಇರುತ್ತೆ, ಹವಾಯಿ ಚಪ್ಪಲಿ ತೂರಿ ಬರುತ್ತೆ. ಅಂಗಡೀಲಿ ಗೋಕ್ಷುರ ಅಂತ ಆನೆ ನೆಗ್ಗಿಲನ್ನೂ ಕೊಡ್ತಾರೆ, ಅದು ಬೇರೆ ಗಿಡ, ಹಸಿ ಗಿಡ ನೀರಲ್ಲಿ ಅಲ್ಲಾಡಿಸಿದ್ರೆ ನೀರೇ ಲೋಳೆಯಾಗುತ್ತೆ. ನಮ್ಮಜ್ಜಿ ನೆಗ್ಗಿಲು ಕಷಾಯ ಕೊಡ್ತಿದ್ದಿದ್ದು ಉರಿಮೂತ್ರಕ್ಕೆ, ಅದೂ ಹೆಂಗಸರು ಗಂಡಸರು ಮಕ್ಕಳು ಎಲ್ರಿಗೂ. ಮೂತ್ರ ಕಟ್ಟೋದಕ್ಕೂ ಹಳೇ ಗ್ರಂಥಗಳಲ್ಲಿ ಇದನ್ನ ಹೇಳಿದೆ, ಆದ್ರೆ ಅದು ಪ್ರಾಸ್ಟೇಟ್ ಮದ್ದಾಗಿ ಬಂದು ಕೂತಿದ್ದು ಬರೀ ಅನುವಾದದಿಂದ ಅಂತ ನಂಗನ್ಸುತ್ತೆ.

"ಸಾಬೀತು" ಅನ್ನೋದೂ ಹಂಗೇ. ಈ ತೊಂದ್ರೆಗೆ ಗಿಡಮೂಲಿಕೆಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಗಾಗಿರೋದು ಅಮೆರಿಕದ ಸಾ ಪಾಲ್ಮೆಟೋ ಅನ್ನೋ ಕುಳ್ಳ ತಾಳೆಯ ಹಣ್ಣಿನ ಸಾರ, ಅದನ್ನೂ ತಲೆಮಾರುಗಳಿಂದ ಜನ ನಂಬಿದ್ರು. 2006ರಲ್ಲಿ 225 ಗಂಡಸರ ಮೇಲೆ ಒಂದು ವರ್ಷ ನೋಡಿದ್ರು, ಹುಸಿಗುಳಿಗೆಗಿಂತ (ಮದ್ದೇ ಇಲ್ಲದ ಗುಳಿಗೆ) ಹೆಚ್ಚೇನೂ ಆಗ್ಲಿಲ್ಲ. 2011ರಲ್ಲಿ 369 ಜನ, 72 ವಾರ, ಡೋಸನ್ನ ಮೂರು ಪಟ್ಟಿನವರೆಗೆ ಏರಿಸಿದ್ರು, ಮೂತ್ರದ ತೊಂದರೆಯ ಅಂಕ ಮದ್ದು ತಗೊಂಡವರಲ್ಲಿ ಸುಮಾರು 2.2 ಇಳಿದ್ರೆ ಹುಸಿಗುಳಿಗೆಯವರಲ್ಲಿ ಸುಮಾರು 3 ಇಳೀತು! ಏನೂ ಇಲ್ಲದ ಗುಳಿಗೆ ನುಂಗಿದವ್ರಿಗೂ ಹಗುರಾಯ್ತು ಅಂದ್ರೆ, "ನಮ್ಮ ಮಾವಂಗೆ ವಾಸಿಯಾಯ್ತು" ಅನ್ನೋ ಮಾತು ಸುಳ್ಳಲ್ಲ, ಆದ್ರೆ ಪುರಾವೇನೂ ಅಲ್ಲ. ಅದಕ್ಕೆ ರೂಢಿ ಅನ್ನಿ, ಅನುಭವ ಅನ್ನಿ, ಸಾಬೀತು ಅನ್ಬೇಡಿ. ಅಪ್ಪನ್ನ ಯೂರಾಲಜಿ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದಾಯ್ತು, ಡಬ್ಬೀನೂ ತೋರಿಸಿದ್ವಿ.

ತಿಳಿದವರು ದಯವಿಟ್ಟು ಹೇಳಿ. ಹಳೇ ಕನ್ನಡ ವೈದ್ಯ ಹಸ್ತಪ್ರತಿಗಳಲ್ಲಿ ಅಷ್ಠೀಲಕ್ಕೆ ಕನ್ನಡದ್ದೇ ಪದ ಏನಾದ್ರೂ ಇದೆಯಾ, "ಕಲ್ಗಂಟು" ಥರ? ನೆಗ್ಗಿಲಿಗೂ ಪಾತ್ರೆ ನೆಗ್ಗೋದಕ್ಕೂ ಸಂಬಂಧ ಇದೆಯಾ, ಇಲ್ಲ ತಮಿಳಿನ ನೆರುಂಜಿ ಜೊತೆ ಹೋಗೋದಾ? ನಿಮ್ಮ ಕಡೆ ವಯಸ್ಸಾದವರು ಈ ತೊಂದ್ರೆಗೆ ಏನಂತಾರೆ? ನಮ್ಮಲ್ಲಿ "ನೀರು ಕಟ್ಟಿದೆ" ಅಷ್ಟೇ.